ಎಡ, ಬಲ, ಎದುರು

ಸ್ಟ್ರೆಚರ್ ಮತ್ತೆ ಮೆಟ್ಟಿಲ ಅದೇ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತು. ಕೆಳಗಿನಿಂದ ಶವವಾಹನದ ಡ್ರೈವರ್ ತಳ್ಳುತ್ತಿದ್ದ, ಮೇಲಿನಿಂದ ಮೈದುನ ಎಳೆಯುತ್ತಿದ್ದ. ಕಬ್ಬಿಣದ ಮೂಲೆ ಗೋಡೆಗೆ ಉಜ್ಜಿ ಸುಣ್ಣದ ಚಕ್ಕೆ ಉದುರಿತು.

"ಗೋಡೆ ಜೋಪಾನ," ಎಂದಳು ಮೇಷ್ಟ್ರ ಹೆಂಡತಿ, ಮೆಟ್ಟಿಲ ತುದಿಯಲ್ಲಿ ನಿಂತು. ಹೇಳಿಯಾದ ಮೇಲೆ ಆಕೆಗೆ ತನ್ನ ಮೇಲೆಯೇ ರೇಗಿತು. ಅದು ಗಂಡನ ಮಾತು. ವರ್ಷಾನುಗಟ್ಟಲೆ ಕೇಳಿ ಕೇಳಿ ನಾಲಿಗೆಗೆ ಅಂಟಿಬಿಟ್ಟಿತ್ತು.

"ಖಾಲಿ ಸ್ಟ್ರೆಚರೇ ಹತ್ತಲ್ಲ ಅಂದ್ರೆ ಆಳನ್ನ ಮಲಗಿಸ್ಕೊಂಡು ಹೇಗೆ ಇಳಿಸೋದು?" ಡ್ರೈವರ್ ಕೆಳಗಿನ ಕತ್ತಲಿನಿಂದ ಕೇಳಿದ. "ಇಂಥಾ ಮೆಟ್ಟಿಲು ಯಾರು ಕಟ್ಟಿದ್ದು?"

"ಕಟ್ಟಿದೋರು ಯಾವ ಕಾಲದಲ್ಲೋ ಸತ್ರು. ಉಳಿಸ್ಕೊಂಡೋರು ನಿನ್ನೆ ಸಂಜೆ ಸತ್ರು," ಎಂದ ಮೈದುನ.

ಎರಡು ಗೋಡೆಗಳ ನಡುವೆ ಸುತ್ತಿಕೊಂಡು ಏರುವ ಮೆಟ್ಟಿಲು ಅದು. ಒಬ್ಬರು ಇಳಿಯುತ್ತಿದ್ದರೆ ಇನ್ನೊಬ್ಬರು ಕಾಯಬೇಕು. ಸ್ಟ್ರೆಚರನ್ನು ಕೆಳಗೇ ಬಿಟ್ಟು ಡ್ರೈವರ್ ಮೇಲೆ ಬಂದ. ಮಂಚದ ಮೇಲಿದ್ದ ಮೇಷ್ಟ್ರನ್ನು ಒಮ್ಮೆ ನೋಡಿದ, ಮೊಣಕಾಲಿನ ಹತ್ತಿರ ಕೈಯಿಟ್ಟು ಒತ್ತಿ ನೋಡಿದ.

"ನಿನ್ನೆನೇ, ಮೈ ಬಿಸಿ ಇದ್ದಾಗ್ಲೇ ಬೆಡ್‌ಶೀಟಲ್ಲಿ ಸುತ್ತಿ ಇಳಿಸಿಬಿಡಬೇಕಿತ್ತು ಅಮ್ಮ. ಈಗ ಮರದ ಹಾಗೆ ಆಗಿದಾರೆ. ಬಗ್ಗಲ್ಲ."

"ಬದುಕಿದ್ದಾಗ್ಲೂ ಬಗ್ಗಿದೋನಲ್ಲ," ಎಂದ ಮೈದುನ. ಸತ್ತವನ ತಮ್ಮ, ಬಲಮನೆಯವನು. ನಿನ್ನೆ ರಾತ್ರಿಯಿಂದ ಅವನ ಕಣ್ಣಲ್ಲಿ ಒಂದು ಹನಿ ನೀರು ಕಂಡಿರಲಿಲ್ಲ. ಅದಕ್ಕೆ ಆಕೆ ಅವನನ್ನು ದೂರುವ ಹಾಗೂ ಇರಲಿಲ್ಲ. ಆಕೆಯ ಕಣ್ಣೂ ಒಣಗಿಯೇ ಇತ್ತು.

ಡ್ರೈವರ್ ಕಿಟಕಿಯ ಬಳಿ ಹೋದ. ಬೀದಿಗೆ ಚಾಚಿಕೊಂಡಿದ್ದ ಮರದ ಕಿಟಕಿ. ನಡುವೆ ಕೆತ್ತಿದ ಒಂದು ಕಂಬ, ಅದರ ಎರಡು ಪಕ್ಕ ಕೈ ತೂರುವಷ್ಟು ಸಂದಿಯ ಜಾಲರಿ. "ಈ ಕಂಬ ಒಂದು ಕೊಯ್ದು ಜಾಲರಿ ತೆಗೆದ್ರೆ ಹಗ್ಗ ಕಟ್ಟಿ ಇಳಿಸಬಹುದು. ಅರ್ಧ ಗಂಟೆ ಕೆಲಸ," ಎಂದ.

ಡ್ರೈವರ್ ಹೊರಗಿನವನು, ಅವನಿಗೆ ಗೊತ್ತಿರಲಿಲ್ಲ. ಒಂದು ಕಾಲಕ್ಕೆ ಬಡಗಿಗಳೇ ತುಂಬಿದ್ದ ಬೀದಿ ಅದು. ಪ್ರತಿಯೊಬ್ಬನೂ ಪಕ್ಕದವನ ಹೊಟ್ಟೆ ಉರಿಸಲೆಂದೇ ತನ್ನ ಮನೆಯ ಮುಂದೆ ಕಿಟಕಿ ಕೆತ್ತಿದ್ದ, ಒಂದರಂತೆ ಇನ್ನೊಂದಿಲ್ಲ. ಈಗ ಅವುಗಳ ಒಂದು ಮೊಳೆ ಕೀಳಬೇಕಾದರೂ ಎಡಮನೆ, ಬಲಮನೆ, ಎದುರುಮನೆ, ಮೂವರೂ ಬಾಯಿಬಿಟ್ಟು "ಆಗಲಿ" ಅನ್ನಬೇಕು. ಒಬ್ಬ "ಬೇಡ" ಅಂದರೂ ಅಲ್ಲಿಗೆ ಮುಗಿಯಿತು. ಕೇಳದೆ ಯಾವುದಾದರೂ ಒಂದು ಮನೆ ಕೈಹಚ್ಚಿದರೆ ಇಡೀ ಬೀದಿ ಪುರಸಭೆಯ ರಕ್ಷಣೆಯಿಂದ ಹೊರಬೀಳುತ್ತದೆ. ಆಮೇಲೆ ಯಾರು ಏನನ್ನು ಬೇಕಾದರೂ ಕೆಡವಬಹುದು. ಈ ಕಟ್ಟಳೆ ಮಾಡಿಸಿದ್ದು ಮಂಚದ ಮೇಲೆ ಅಂಗಾತ ಮಲಗಿದ್ದ ಡ್ರಾಯಿಂಗ್ ಮೇಷ್ಟ್ರು. ಬೀದಿಯವರು ಅವರಿಗೆ ಇಟ್ಟಿದ್ದ ಹೆಸರು ಬೇಡಪ್ಪ.

"ಮೂವರ ಹತ್ರ ಕೇಳಿ ಅತ್ತಿಗೆ," ಎಂದ ಮೈದುನ. ಅವನ ತುಟಿಯ ಕೊನೆಯಲ್ಲಿ ಏನೋ ಅಲುಗಿತು. "ಅಣ್ಣ ಮಾಡಿದ ರೂಲ್ಸು. ನಾವು ಮೀರೋದುಂಟಾ?"

*

ಆ ಹೆಸರು ಬೀಳುವ ಮುಂಚೆ ಬೀದಿ ಅವರನ್ನು ತಲೆಯ ಮೇಲೆ ಹೊತ್ತು ಮೆರೆಸಿತ್ತು.

ಪುರಸಭೆಯವರು ರಸ್ತೆ ಅಗಲ ಮಾಡುತ್ತೇವೆಂದು ಬಂದು ಮನೆಮನೆಯ ಗೋಡೆಗೆ ಕೆಂಪು ಗುರುತು ಹಾಕಿ ಹೋಗಿದ್ದರು. ಗುರುತಿನಿಂದ ಈಚೆಗಿದ್ದದ್ದೆಲ್ಲ ನೆಲಸಮ. ಕೆಲವರು ಅತ್ತರು, ಕೆಲವರು ಪರಿಹಾರದ ಹಣದಲ್ಲಿ ಎಲ್ಲಿ ಸೈಟು ತಗೊಳ್ಳೋಣ ಎಂದು ಮಾತಾಡಿಕೊಂಡರು. ಮೇಷ್ಟ್ರು ಶಾಲೆಯಿಂದ ಬಂದವರೇ ಚಪ್ಪಲಿ ಬಿಡದೆ ಮನೆಮನೆಗೆ ಹೋದರು.

"ನಮ್ಮ ಬೀದಿಗೆ ಅವರು ಪ್ಲಾನು ಹಾಕೋ ಮುಂಚೆ ನಾವೇ ಒಂದು ಹಾಕೋಣ," ಎಂದರು.

ಕೆಳಗಿನ ಕೋಣೆಯಲ್ಲಿ ಸಂಜೆ ಸಂಜೆ ಸಭೆ. ಯಾವ ಮನೆಯಲ್ಲಿ ಯಾವುದು ಉಳಿಯಲೇಬೇಕು, ಯಾವುದು ಹೋದರೂ ಅಡ್ಡಿಯಿಲ್ಲ, ನೀರಿನ ಕೊಳವೆ ಎಲ್ಲಿ ಹಾಯಬೇಕು, ಗಾಡಿ ಎಲ್ಲಿ ನಿಲ್ಲಬೇಕು, ಎಲ್ಲವನ್ನೂ ಜನರೇ ಜಗಳವಾಡಿ ತೀರ್ಮಾನಿಸಿದರು, ಮೇಷ್ಟ್ರು ಗೆರೆ ಎಳೆದರು. ಆಕೆ ಪಾತ್ರೆಗಟ್ಟಲೆ ಚಹಾ ಮಾಡಿದಳು. ಆಗ ಆಕೆಗೂ ಗಂಡನ ಬಗ್ಗೆ ಹೆಮ್ಮೆ ಇತ್ತು. ಸುಳ್ಳು ಯಾಕೆ, ತುಂಬಾ ಇತ್ತು.

ಮೂರು ಮನೆಯ ಒಪ್ಪಿಗೆಯ ಮಾತು ಬಂದಾಗ ಬೇಕರಿಯವನು ಎದ್ದು ಕೇಳಿದ್ದ: "ಸುಮ್ನೆ ಹೊಟ್ಟೆಕಿಚ್ಚಿಗೆ ಬೇಡ ಅಂದ್ರೆ?"

"ಬರೀ ಬೇಡ ಅನ್ನೋ ಹಾಗಿಲ್ಲ," ಎಂದಿದ್ದರು ಮೇಷ್ಟ್ರು. "ಬೇಡ ಅಂದೋನೇ ಬೇರೆ ದಾರಿ ಹುಡುಕಿ ಕೊಡಬೇಕು. ಹುಡುಕಿ ಕೈಯನ್ನೂ ಹಾಕಬೇಕು. ಆ ಕೆಲಸ ಮುಗಿಯೋವರೆಗೂ ಅದು ಅವನದೇ."

ಎಲ್ಲರೂ ಭೇಷ್ ಅಂದರು. ಪುರಸಭೆ ಒಪ್ಪಿತು, ರಸ್ತೆ ಆಚೆ ತಿರುಗಿತು. ಕೆಂಪು ಗುರುತಿನ ಮೇಲೆ ಸುಣ್ಣ ಬಳಿದ ದಿನ ಹುಡುಗರು ಮೇಷ್ಟ್ರನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀದಿ ಸುತ್ತಿದರು.

ಆಮೇಲೆ ವರ್ಷಗಳು ಉರುಳಿದ ಹಾಗೆ ಎಲ್ಲರೂ ಎಲ್ಲದಕ್ಕೂ "ಆಗಲಿ" ಅನ್ನಲು ಕಲಿತರು. ನೀನು ನನ್ನದಕ್ಕೆ, ನಾನು ನಿನ್ನದಕ್ಕೆ. "ಬೇಡ" ಅನ್ನುವವರು ಮೇಷ್ಟ್ರೊಬ್ಬರೇ ಉಳಿದರು. ಬೇರೆಯವರ ಮನೆಗೆ ಒಪ್ಪಿಗೆ ಕೊಡಬೇಕಾದ ಸರದಿ ತಮ್ಮದಲ್ಲದಿದ್ದರೂ ಹೋಗಿ ಮೂಗು ತೂರಿಸುತ್ತಿದ್ದರು. ಬಣ್ಣದ ಡಬ್ಬಿ ಹಿಡಿದವನು ಕಂಡರೆ ಸಾಕು, ಕಿಟಕಿಯಿಂದಲೇ ಕೂಗು. ಮನೆಯೊಳಗೂ ಅಷ್ಟೇ. ಆಕೆಯ ಮೊಣಕಾಲು ಸವೆದಾಗ ಕೆಳಗಿನ ಕೋಣೆಯಲ್ಲಿ ಮಂಚ ಹಾಕಿಕೊಳ್ಳೋಣ ಎಂದಳು.

"ಹಾಗಾದ್ರೆ ಸಭೆ ಎಲ್ಲಿ ಮಾಡೋದು?" ಎಂದರು ಮೇಷ್ಟ್ರು. ಸಭೆಗೆ ಜನ ಬರುವುದು ಅಷ್ಟು ಹೊತ್ತಿಗೆ ನಿಂತೇ ಹೋಗಿತ್ತು. ಕುರ್ಚಿಗಳು ಮಾತ್ರ ಸಾಲಾಗಿ ಕೂತಿದ್ದವು. ಆಕೆ ಆ ಮೆಟ್ಟಿಲು ಹತ್ತುತ್ತಾ ಇಳಿಯುತ್ತಾ ಪ್ರತಿ ಮೆಟ್ಟಿಲಿಗೂ ಗಂಡನನ್ನು ಶಪಿಸಿದಳು. ಮಕ್ಕಳಿಲ್ಲದ ಮನೆ, ಕೇಳಿಸಿಕೊಳ್ಳಲು ಗೋಡೆಗಳಷ್ಟೇ ಇದ್ದವು.

*

ಅದೇ ಕುರ್ಚಿಗಳ ಮೇಲೆ ಈಗ ಮಣ್ಣಿಗೆ ಬಂದವರು ಕೂತಿದ್ದರು. ಆಕೆ ಗೋಡೆ ಹಿಡಿದುಕೊಂಡು ಇಳಿದು ಬಂದಾಗ ಯಾರೋ ನಗುತ್ತಿದ್ದದ್ದು ಪಕ್ಕನೆ ನಿಂತಿತು. ಸತ್ತವರ ಬಗ್ಗೆ ಒಂದು ಒಳ್ಳೆಯ ಮಾತಾದರೂ ಬರಬಹುದೆಂದು ಆಕೆ ಬೆಳಿಗ್ಗೆಯಿಂದ ಕಾದಿದ್ದಳು. ಮೋರಿ ಕಟ್ಟಿದ್ದು, ಪೆಟ್ರೋಲಿನ ರೇಟು, ಎಲ್ಲ ಬಂದಿತ್ತು, ಅದೊಂದು ಬಿಟ್ಟು.

"ಕಿಟಕಿಯ ನಡುಗಂಬ ಕೊಯ್ಯಬೇಕಂತೆ," ಎಂದಳು ಆಕೆ, ಯಾರ ಮುಖವನ್ನೂ ನೋಡದೆ. "ಎಡಮನೆ, ಬಲಮನೆ, ಎದುರುಮನೆಯವರನ್ನ ಕೇಳ್ತಿದೀನಿ."

ಎಡಮನೆಯ ಬೇಕರಿಯವನು ಗಂಟಲು ಸರಿಮಾಡಿಕೊಂಡ. "ಅಕ್ಕ, ಇಂಥ ಹೊತ್ತಲ್ಲಿ ಇಲ್ಲ ಅನ್ನೋಕಾಗುತ್ತಾ. ನಂದೇನೂ ಅಡ್ಡಿಯಿಲ್ಲ. ಆದ್ರೆ ನನ್ನ ಅಂಗಡಿ ಮುಂದೆ ಶಟರ್ ಹಾಕೋ ವಿಷಯ ನಿಮಗೆ ಗೊತ್ತೇ ಇದೆ. ಉಳಿದ ಇಬ್ಬರೂ ಒಪ್ಪಿದಾರೆ. ಮೇಷ್ಟ್ರದ್ದೊಂದೇ ಬಾಕಿ ಇತ್ತು. ಇನ್ಮುಂದೆ ಅದು ನಿಮ್ಮ ಬಾಯಲ್ಲಿದೆ."

"ಅಂದ್ರೆ?"

"ನೀವು ಆಗಲಿ ಅನ್ನಿ, ನಾನೂ ಅಂತೀನಿ. ಅಷ್ಟೇ."

"ನಂದೂ ಅದೇ ಅತ್ತಿಗೆ," ಎಂದ ಮೈದುನ ಅವಳ ಹಿಂದೆಯೇ ಇಳಿದು ಬಂದು. ಅವನು ಮನೆಯನ್ನು ಒಬ್ಬ ಬಿಲ್ಡರ್‌ಗೆ ಮಾತಾಡಿದ್ದ. ಮುಂಭಾಗ ಕೆಡವಲು ಒಪ್ಪಿಗೆ ಸಿಕ್ಕಿದರೆ ಮಾತ್ರ ವ್ಯಾಪಾರ. ಅಣ್ಣ ತಮ್ಮ ಈ ವಿಷಯಕ್ಕೆ ಎಣ್ಣೆ ಸೀಗೆಕಾಯಿ ಆಗಿ ವರ್ಷಗಳೇ ಆಗಿದ್ದವು. "ನೀವೂ ಒಬ್ಬರೇ ಈ ಹಳೇ ಗೂಡಲ್ಲಿ ಎಷ್ಟು ದಿನ ಇರ್ತೀರಾ? ಎರಡೂ ಮನೆ ಸೇರಿಸಿ ಕೊಟ್ರೆ ನಿಮಗೆ ಲಿಫ್ಟ್ ಇರೋ ಮನೆ ಬರುತ್ತೆ. ಮೊಣಕಾಲಿಗೆ ಒಳ್ಳೇದು."

ಲಿಫ್ಟಿನ ಮಾತು ಆಕೆಯ ಎದೆಗೆ ನೇರ ನಾಟಿತು. ಆಕೆಗೆ ಲಿಫ್ಟು ಬೇಕಾಗಿತ್ತು. ಶಟರ್ ಆದರೂ ಹಾಕಿಕೊಳ್ಳಲಿ, ಬಿಲ್ಡರ್ ಆದರೂ ಬರಲಿ, ತನಗೇನು? ಒಂದು ಶಬ್ದ ಅಂದರೆ ಸಾಕು, ಗಂಡ ಹೊರಗೆ ಹೋಗುತ್ತಾರೆ, ಮೆಟ್ಟಿಲೂ ಹೋಗುತ್ತದೆ. ಆದರೆ ಮೇಲೆ ಹೆಣವಿದೆ, ಕೆಳಗೆ ಇವರು ಹೆಣದ ಕಾಲು ಹಿಡಿದುಕೊಂಡು ರೇಟು ಕೂಗುತ್ತಿದ್ದಾರೆ.

"ಎದುರುಮನೆ ಏನಂತೆ?" ಎಂದಳು.

ಎದುರುಮನೆಯವನು ಹೊಸ್ತಿಲಾಚೆ, ಬಿಸಿಲಲ್ಲೇ ನಿಂತಿದ್ದ. ಬೀದಿಗೆಲ್ಲ ಗ್ಯಾಸ್ ಸಿಲಿಂಡರ್ ಹೊತ್ತು ಹಾಕುವವನು, ಎಲ್ಲರ ಬಾಯಲ್ಲೂ ಸಿಲಿಂಡರ್‌ನವನು. ಕೆಲಸದ ನೀಲಿ ಅಂಗಿಯಲ್ಲೇ ಬಂದಿದ್ದ. ಎಲ್ಲರೂ ಅವನ ಕಡೆ ತಿರುಗಿದರು.

"ಬೇಡ," ಎಂದ ಅವನು.

ಬೇಕರಿಯವನು ನಕ್ಕ. "ಏಯ್, ನಿಂಗೇನು ಬೇಕೋ ಅದು ಕೇಳು ಮಾರಾಯ."

"ಏನೂ ಬೇಡ. ಕಂಬ ಕೊಯ್ಯೋದು ಬೇಡ. ಅಷ್ಟೇ ಹೇಳೋಕೆ ಬಂದೆ."

ಅವನು ಬೆನ್ನು ತಿರುಗಿಸಿ ತನ್ನ ಮನೆಯ ಕಡೆ ಹೊರಟ.

*

ಸಿಲಿಂಡರ್‌ನವನ ತಾಯಿಗೆ ಕಾಲಿನ ಸ್ವಾಧೀನ ತಪ್ಪಿದಾಗ ಅವನು ತಳ್ಳುಕುರ್ಚಿ ತಂದಿದ್ದ. ಮನೆಯ ಮುಂದೆ ಮೂರು ಎತ್ತರದ ಕಲ್ಲಿನ ಮೆಟ್ಟಿಲು, ಅದರ ಮೇಲೆ ಬಳ್ಳಿ ಕೆತ್ತಿದ ಹೊಸ್ತಿಲು. ಅವನ್ನು ತೆಗೆದು ಇಳಿಜಾರು ಕಟ್ಟಿಸುತ್ತೇನೆ ಎಂದ. ಅವನ ಎದುರುಮನೆ ಅಂದರೆ ಮೇಷ್ಟ್ರ ಮನೆ. ಮೇಷ್ಟ್ರು "ಬೇಡ" ಎಂದರು.

ಬೇಡ ಅಂದವರು ಮಾತಿನಂತೆ ಕೈಯನ್ನೂ ಹಾಕಿದರು. ತಾವೇ ಹಲಗೆ ಜೋಡಿಸಿ, ಮೊಳೆ ಹೊಡೆದು, ಮೆಟ್ಟಿಲ ಮೇಲೆ ಹಾಸಿ ತೆಗೆಯುವಂಥ ಇಳಿಜಾರು ಮಾಡಿದರು. ಕೆಲಸ ನಿಜಕ್ಕೂ ಚೆನ್ನಾಗಿತ್ತು. ಹಲಗೆ ಮಳೆಗೆ ಕೆಡುತ್ತದೆ, ಹೊಸ್ತಿಲಿಗೆ ಉಜ್ಜುತ್ತದೆ, ಯಾರು ಯಾರೋ ಹಾಕಿದರೆ ಆಗುವುದಿಲ್ಲ ಎಂದು ತಮ್ಮ ಮನೆಯಲ್ಲೇ ಇಟ್ಟುಕೊಂಡರು. ದಿನಾ ಸಂಜೆ ನಾನೇ ತಂದು ಹಾಸಿ, ಅಮ್ಮನನ್ನು ಬೀದಿಗೆ ಇಳಿಸುತ್ತೇನೆ ಎಂದರು. ಮಗ ಆ ಹೊತ್ತಿಗೆ ಯಾವುದೋ ಮೂರನೇ ಅಂತಸ್ತಿಗೆ ಸಿಲಿಂಡರ್ ಏರಿಸುತ್ತಿರುತ್ತಿದ್ದ.

ಮೊದಮೊದಲು ತಪ್ಪದೆ ಹೋದರು. ಮುದುಕಿ ಬೀದಿಯಲ್ಲಿ ಕೂತು ಹೋಗುವವರನ್ನೆಲ್ಲ ಮಾತಾಡಿಸುತ್ತಿದ್ದಳು. ಆಮೇಲೆ ಪುರಸಭೆಯ ಮೀಟಿಂಗು ಬಂತು, ಪಕ್ಕದೂರಿನವರಿಗೆ ಪ್ಲಾನು ಹಾಕಿಕೊಡುವುದು ಬಂತು, ಯಾರೋ ಪತ್ರಿಕೆಯವರು ಬಂದರು. ಮುದುಕಿ ಸೀರೆ ಸರಿಮಾಡಿಕೊಂಡು ಬಾಗಿಲ ಒಳಗೆ ಕುರ್ಚಿಯಲ್ಲಿ ಕೂತಿರುತ್ತಿದ್ದಳು. ಕತ್ತಲಾಗುವವರೆಗೆ ಕೂತಿರುತ್ತಿದ್ದಳು. ಮೇಲಿನ ಕಿಟಕಿಯಿಂದ ಮೇಷ್ಟ್ರ ಹೆಂಡತಿಗೆ ಅದು ಕಾಣುತ್ತಿತ್ತು.

"ಇವತ್ತೂ ಹೋಗ್ಲಿಲ್ಲ ನೀವು. ಆಯಮ್ಮ ಕಾಯ್ತಾ ಇದೆ," ಎಂದರೆ ಮೇಷ್ಟ್ರು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು, "ಸ್ವಲ್ಪ ಕಾಯಲಿ, ಬಂದೆ," ಎನ್ನುತ್ತಿದ್ದರು. ಬರುತ್ತಿರಲಿಲ್ಲ. ಹಲಗೆ ಕೊಟ್ಟುಬಿಡಿ ಎಂದು ಸಿಲಿಂಡರ್‌ನವನು ಕೇಳಿದರೆ, "ಹೊಸ್ತಿಲು ಹಾಳಾಗುತ್ತಪ್ಪಾ," ಎನ್ನುತ್ತಿದ್ದರು. ಮುದುಕಿ ಅದೇ ಕುರ್ಚಿಯಲ್ಲಿ, ಅದೇ ಬಾಗಿಲ ಹಿಂದೆ, ಒಂದು ಸಂಜೆ ಸತ್ತುಹೋದಳು. ಹೊಸ್ತಿಲು ಹಾಳಾಗಲಿಲ್ಲ.

*

"ಒಳ್ಳೇದೇ ಆಯ್ತು," ಎಂದ ಮೈದುನ ಆಕೆಯ ಹಿಂದೆಯೇ ಮತ್ತೆ ಮೇಲೆ ಬಂದು. ಈ ಸಲ ಅವನ ಕೈಯಲ್ಲಿ ಗರಗಸವಿತ್ತು. "ಯಾರ ಒಪ್ಪಿಗೆನೂ ಬೇಡ. ಕೊಯ್ದುಬಿಡೋಣ. ಹೆಣ ಇಳಿಸೋಕೆ ಮುರಿದ್ರು ಅಂದ್ರೆ ಯಾರು ತಪ್ಪು ಅಂತಾರೆ? ಬೀದಿ ರಕ್ಷಣೆ ಹೋಯ್ತಾ, ಹೋಗ್ಲಿ. ಎಲ್ಲರಿಗೂ ಬಿಡುಗಡೆ. ಬೇಡಪ್ಪನ ಮನೆಯಿಂದಲೇ ಶುರು ಆಯ್ತು ಅಂತ ನಗ್ತಾರೆ ಅಷ್ಟೇ."

ಆಕೆ ಕಿಟಕಿಗೆ ಬೆನ್ನು ಕೊಟ್ಟು ನಿಂತಳು.

"ಪಕ್ಕಕ್ಕೆ ಸರೀರಿ ಅತ್ತಿಗೆ. ನಿಮಗೂ ಈ ಮನೆ ಕಂಡ್ರೆ ಆಗಲ್ಲ, ನಂಗೊತ್ತು."

"ಆಗಲ್ಲ. ಈ ಕಿಟಕಿ ಕಂಡ್ರೂ ಆಗಲ್ಲ, ಇಲ್ಲಿ ಮಲಗಿರೋರನ್ನ ಕಂಡ್ರೂ ಆಗ್ತಿರ್ಲಿಲ್ಲ. ಅದು ನನ್ನ ಸಂಕಟ, ನಾನು ಪಟ್ಟಿದ್ದು. ಅದನ್ನ ನೀನು ಸೇಲ್ ಮಾಡ್ಕೋಬೇಡ." ಆಕೆ ಅವನ ಕೈಯ ಗರಗಸದ ಕಡೆ ಬೆರಳು ತೋರಿದಳು. "ನಾಳೆ ನಾನೇ ಮೂವರ ಕಾಲು ಹಿಡಿದು ಕೇಳಿ ಇಡೀ ಮನೆ ಕೆಡವಿಸಿದ್ರೂ ಕೆಡವಿಸ್ತೀನಿ. ಇವತ್ತು ಈ ಹೆಣ ತೋರಿಸಿ ಯಾರೂ ಒಂದು ಮೊಳೆ ಕೀಳಬಾರದು. ಗರಗಸ ಕೆಳಗಿಡು."

"ಹಾಗಾದ್ರೆ ಇಲ್ಲೇ ಇಟ್ಕೊಂಡು ಪೂಜೆ ಮಾಡಿ," ಎಂದ ಮೈದುನ. ಗರಗಸ ಕೆಳಗಿಡಲಿಲ್ಲ.

ಆಕೆ ತಿರುಗಿ ಜಾಲರಿಗೆ ಬಾಯಿ ಹಚ್ಚಿದಳು. ಜನ್ಮದಲ್ಲಿ ಆ ಕಿಟಕಿಯಿಂದ ಕೂಗಿದವಳಲ್ಲ. ಕೂಗುವ ಕೆಲಸ ಗಂಡನದಾಗಿತ್ತು. "ಎದುರುಮನೆಯವನೇ," ಎಂದು ಕೂಗಿದಳು. "ಬೇಡ ಅಂದ್ಯಲ್ಲ. ಬೇಡ ಅಂದೋನು ದಾರಿನೂ ತೋರಿಸಬೇಕು. ಮೇಲೆ ಬಾ."

ಸ್ವಲ್ಪ ಹೊತ್ತಿಗೆ ಮೆಟ್ಟಿಲಲ್ಲಿ ಭಾರವಾದ ಹೆಜ್ಜೆ ಕೇಳಿಸಿತು. ಸಿಲಿಂಡರ್‌ನವನು ಬಾಗಿಲಲ್ಲಿ ನಿಂತು ಮಂಚದ ಕಡೆ ನೋಡಲಿಲ್ಲ, ಆಕೆಯನ್ನೇ ನೋಡಿದ.

"ಆ ರೂಲ್ಸು ನಿಮಗೆ ಇವತ್ತು ನೆನಪಾಯ್ತಾ ಅಕ್ಕ?"

"ಆವಾಗಲೂ ನೆನಪಿತ್ತು. ನಿನ್ನ ತಾಯಿ ಕೂತಿದ್ದು ದಿನಾ ನೋಡ್ತಿದ್ದೆ. ಹೇಳ್ದೆ. ಕೇಳಲಿಲ್ಲ. ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು."

"ಹಲಗೆ ಹೊತ್ಕೊಂಡು ನೀವೇ ಬರಬಹುದಿತ್ತು."

"ಬರಬಹುದಿತ್ತು," ಎಂದಳು ಆಕೆ.

ಅವನು ಬೇರೆ ಏನೋ ಉತ್ತರ ನಿರೀಕ್ಷಿಸಿದ್ದನೇನೋ. ಆಮೇಲೆ ಮಂಚದ ಹತ್ತಿರ ಹೋಗಿ ಮೇಷ್ಟ್ರ ಎತ್ತರವನ್ನು ಕಣ್ಣಲ್ಲೇ ಅಳೆದ. ಮೈದುನನಿಗೆ, "ಎತ್ತಿ ನಿಲ್ಸು," ಎಂದ.

"ಏನು?"

"ಮಲಗಿಸಿದ್ರೆ ಈ ತಿರುವು ದಾಟಲ್ಲ. ತುಂಬಿದ ಸಿಲಿಂಡರ್ ಹೆಂಗೆ ಇಳಿಸ್ತೀನಿ ನೋಡಿಲ್ವಾ? ನಿಲ್ಲಿಸಿ, ತಬ್ಬಿ ಹಿಡಿದು, ನಾನು ಹಿಂದೆ ಹಿಂದೆ ಹೋಗೋದು. ಒಂದೊಂದೇ ಮೆಟ್ಟಿಲು. ಗರಗಸ ಬಿಸಾಕಿ ಕೈ ಹಾಕು."

ಇಬ್ಬರೂ ಸೇರಿ ಮೇಷ್ಟ್ರನ್ನು ಎತ್ತಿ ನಿಲ್ಲಿಸಿದರು. ಬಿಳಿ ಬಟ್ಟೆ ಸುತ್ತಿದ ಮೈ ಸೆಟೆದುಕೊಂಡು ನಿಂತಿತು, ಮುಖ ಮಾತ್ರ ಬಿಟ್ಟಿತ್ತು. ಸಿಲಿಂಡರ್‌ನವನು ಎರಡೂ ತೋಳು ಬಳಸಿ ಅವಚಿಕೊಂಡ. ಮೇಷ್ಟ್ರ ಗದ್ದ ಅವನ ಹೆಗಲ ಮೇಲೆ ಬಂತು. ಬದುಕಿದ್ದಾಗ ಇಬ್ಬರೂ ಬೀದಿಯಲ್ಲಿ ಎದುರಾದರೆ ಒಬ್ಬರು ಗೋಡೆ ನೋಡುತ್ತಿದ್ದರು, ಇನ್ನೊಬ್ಬರು ಆಕಾಶ.

ಅವನು ಹಿಂದೆ ಕಾಲಿಟ್ಟು ಮೊದಲ ಮೆಟ್ಟಿಲು ಇಳಿದ. ಮೇಷ್ಟ್ರ ಹಿಮ್ಮಡಿ ಕಲ್ಲಿಗೆ ತಾಗಿ ಟಪ್ಪೆಂದಿತು. ಮೆಟ್ಟಿಲಲ್ಲಿ ಇನ್ನೊಬ್ಬರಿಗೆ ಜಾಗವಿರಲಿಲ್ಲ, ಸಹಾಯಕ್ಕೆ ಹೋಗುವಂತಿರಲಿಲ್ಲ. ಆಕೆ ಮೇಲೆ ನಿಂತು ಕೇಳಿಸಿಕೊಂಡಳು. ಒಂದು ಟಪ್ಪು, ಒಂದು ಉಸಿರು, ಒಂದು ಬೈಗುಳ. "ಬಾರೋ ಮುಠ್ಠಾಳ." ಟಪ್. "ಊರು ಉಳಿಸ್ತಾನಂತೆ ಊರು." ಟಪ್. "ಒಂದು ಹಲಗೆ ಹಾಕೋಕೆ ಬಿಡುವಿಲ್ಲ ನಿಂಗೆ." ತಿರುವಿನಲ್ಲಿ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಅವನ ದನಿ, ಏದುಸಿರಿನ ನಡುವೆ, ತೀರಾ ತಗ್ಗಿ: "ತಲೆ ಜೋಪಾನ ಮೇಷ್ಟ್ರೇ."

ಆಕೆಗೆ ಆಗ ಅಳು ಬಂತು. ತಡೆದುಕೊಳ್ಳಲು ಹೋಗಲಿಲ್ಲ. ಹಾಗೇ ಕಿಟಕಿಗೆ ಹೋಗಿ ಜಾಲರಿಯಲ್ಲಿ ಕಣ್ಣಿಟ್ಟಳು.

ಮೇಷ್ಟ್ರು ತಮ್ಮ ಮನೆಯ ಬಾಗಿಲಿನಿಂದ ನಿಂತುಕೊಂಡೇ ಹೊರಗೆ ಬಂದರು. ಬೀದಿಯಲ್ಲಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ಬೇಕರಿಯವನು ಅಂಗಡಿಯ ಗೋಡೆಗೆ ಬೆಳಿಗ್ಗೆಯೇ ಶಟರ್‌ಗೆಂದು ಕಬ್ಬಿಣದ ಪಟ್ಟಿ ಹೊಡೆಸಿಬಿಟ್ಟಿದ್ದ; ಮೇಷ್ಟ್ರ ಮುಖ ತನ್ನ ಕಡೆ ತಿರುಗಿದ್ದು ಕಂಡದ್ದೇ ಸರಕ್ಕನೆ ಅದಕ್ಕೆ ಅಡ್ಡ ನಿಂತ. ಯಾರೂ ನಗಲಿಲ್ಲ.

ಡ್ರೈವರ್ ಸ್ಟ್ರೆಚರ್ ತಂದು ಕಾಲ ಬಳಿ ಇಟ್ಟ. ಸಿಲಿಂಡರ್‌ನವನು ಅದನ್ನು ದಾಟಿ ನಡೆದ. ಮೇಷ್ಟ್ರನ್ನು ಹಿಮ್ಮಡಿಯ ಮೇಲೆ ಹೊರಳಿಸಿ ಹೊರಳಿಸಿ ಬೀದಿಯ ಆಚೆ ಬದಿಗೆ ಒಯ್ದು, ತನ್ನ ಮನೆಯ ಮೂರು ಮೆಟ್ಟಿಲ ಎದುರು, ಬಾಗಿಲಿಗೆ ಮುಖಮಾಡಿ ನಿಲ್ಲಿಸಿದ. ತಾನು ಹಿಂದೆ ನಿಂತು ಎರಡೂ ಭುಜ ಹಿಡಿದುಕೊಂಡ.

"ಮಲಗಿಸಿ ಅಣ್ಣ, ನಂಗೆ ಇನ್ನೊಂದು ಕಡೆ ಹೋಗೋದಿದೆ," ಎಂದ ಡ್ರೈವರ್.

"ಸ್ವಲ್ಪ ಕಾಯಲಿ," ಎಂದ ಸಿಲಿಂಡರ್‌ನವನು.

ಮೈದುನ ತಲೆಯೆತ್ತಿ ಕಿಟಕಿಯ ಕಡೆ ನೋಡಿದ. "ಅತ್ತಿಗೆ, ನೀವಾದ್ರೂ ಹೇಳಿ."

ಆಕೆಗೆ ಗಂಡನ ಮೇಲೆ ಕನಿಕರ ಉಕ್ಕಿತು. ಆ ಬಿಸಿಲು, ಆ ಜನ, ಆ ಬರಿ ಮುಖ. ಆದರೂ ಆಕೆ ಏನೂ ಹೇಳಲಿಲ್ಲ. ವಾಹನದ ಹಿಂಬಾಗಿಲು ತೆರೆದೇ ಇತ್ತು. ಬೀದಿಯವರೆಲ್ಲ ನಿಂತಲ್ಲೇ ನಿಂತಿದ್ದರು. ಮೇಷ್ಟ್ರು ಬಳ್ಳಿ ಕೆತ್ತಿದ ಆ ಹೊಸ್ತಿಲ ಮುಂದೆ ನಿಂತಿದ್ದರು. ಬಾಗಿಲು ಹಾಕಿತ್ತು, ಒಳಗೆ ಯಾರೂ ಇರಲಿಲ್ಲ.